ಎ ಕಡೆಯ ಕೊನೆಯ ಒಂದೂವರೆ ನಿಮಿಷ

ಕಲಬುರಗಿಯಲ್ಲಿ ಸಂಗೀತ ಕೇಳುವ ಗೆಳೆಯರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತುಗಳು. ರೆಕಾರ್ಡಿಂಗ್ ಕೇಳಿ ಬರೆದದ್ದು.

ಮನೆಯಲ್ಲಿ ಇಟ್ಟುಕೊಳ್ಳಲೇಬೇಕಾದ ಆಲ್ಬಂಗಳು ಯಾವುವು, ನಿಮಗೆ ಇಷ್ಟವಾದವನ್ನೇ ಹೇಳಿ ಅಂದಿದ್ದೀರಿ. ನನ್ನ ಕಪಾಟಿನಲ್ಲಿ ನೂರೆಂಬತ್ತರ ಹತ್ತಿರ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಗ್ರಾಮಫೋನ್ ಪ್ಲೇಟು ಇವೆ, ಅದರ ಎರಡರಷ್ಟು ಕ್ಯಾಸೆಟ್ ಇವೆ. ಇವತ್ತು ಈ ಚೀಲದಲ್ಲಿ ಹಾಕಿಕೊಂಡು ಬಂದದ್ದು ಕೆಲವನ್ನು ಮಾತ್ರ. ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಂಡೆ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂಡಿಸಿಕೊಂಡು, ಮೊದಲಿಂದ ಕೊನೆತನಕ ಇದನ್ನು ಕೇಳಿದ್ದೇನಾ? ಕೇಳಿದ್ದರೆ ಚೀಲಕ್ಕೆ ಬಂತು. ಒಬ್ಬನೇ ಕೇಳಿ ಮೆಚ್ಚಿದ್ದು ಬೇಕಾದಷ್ಟಿದೆ, ಅದು ಮನೆಯಲ್ಲೇ ಉಳಿಯಿತು.

ಆಲ್ಬಂ ಅನ್ನೋ ಹೆಸರು ಯಾಕೆ ಬಂತು ಗೊತ್ತಾ? ಫೋಟೊ ಆಲ್ಬಂನಿಂದಲೇ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಪ್ಲೇಟಿನ ಒಂದು ಕಡೆ ಮೂರು, ಮೂರೂವರೆ ನಿಮಿಷ ಮಾತ್ರ ಹಿಡಿಯುತ್ತಿತ್ತು. ಉದ್ದನೆಯ ಸಂಗೀತಕ್ಕೆ ನಾಲ್ಕೈದು ಪ್ಲೇಟು ಬೇಕಾಗುತ್ತಿದ್ದವು. ಒಂದೊಂದನ್ನು ಒಂದೊಂದು ಕಾಗದದ ಚೀಲಕ್ಕೆ ಹಾಕಿ, ಎಲ್ಲ ಸೇರಿಸಿ ಪುಸ್ತಕದ ಹಾಗೆ ಕಟ್ಟಿ ಮಾರುತ್ತಿದ್ದರು. 1948ರಲ್ಲಿ ಎಲ್‌ಪಿ ಬಂತು. ಅದರ ಒಂದೊಂದು ಕಡೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ. ಪುಸ್ತಕ ಹೋಯಿತು, ಹೆಸರು ಉಳಿಯಿತು.

ಆ ಅರಗಿನ 78ರ ಪ್ಲೇಟು ಕೆಳಗೆ ಬಿದ್ದರೆ ಬಳೆ ಒಡೆದ ಹಾಗೆ ಚೂರಾಗುತ್ತದೆ. ನನ್ನ ಹತ್ತಿರ ಮೂರೇ ಇವೆ, ಹೊರಗೆ ತರುವ ಧೈರ್ಯ ಇಲ್ಲ. ಆದರೆ ಆ ಕಾಲದ ಹಾಡುಗಳನ್ನು ಆಮೇಲೆ ಎಲ್‌ಪಿಗೆ, ಸಿಡಿಗೆ ಎತ್ತಿದ್ದಾರೆ. ಅವುಗಳಲ್ಲಿ ಒಂದನ್ನು ಕೊಳ್ಳುವುದಾದರೆ ಅಬ್ದುಲ್ ಕರೀಂ ಖಾನರದ್ದು ಕೊಳ್ಳಿ. 1937ರಲ್ಲಿ ತೀರಿಕೊಂಡವರು. ಜಿಂಝೋಟಿ ರಾಗದಲ್ಲಿ ಅವರು ಹಾಡಿದ ‘ಪಿಯಾ ಬಿನ ನಹೀ ಆವತ ಚೈನ’ ಠುಮ್ರಿ ಅದರಲ್ಲಿ ಇರಲೇಬೇಕು, ನೋಡಿಕೊಳ್ಳಿ. ಗದಗಿನ ಹುಡುಗನೊಬ್ಬ ಇದನ್ನು ಪ್ಲೇಟಿನಲ್ಲಿ ಕೇಳಿ ತಲೆಕೆಟ್ಟು, ಹನ್ನೊಂದು ವರ್ಷಕ್ಕೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಅವನೇ ಭೀಮಸೇನ ಜೋಶಿ. ಎಲ್ಲೆಲ್ಲೋ ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಮೂರು ನಿಮಿಷದ ಒಂದು ಪ್ಲೇಟು ಒಬ್ಬ ಹುಡುಗನನ್ನು ತನ್ನ ಮನೆಗೇ ಕರೆಸಿಕೊಂಡಿತು ನೋಡಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡು ರೆಕಾರ್ಡ್ ಮಾಡಿಸಿದ ಗೌಹರ್ ಜಾನ್ ಹೆಸರು ಕೇಳಿರುತ್ತೀರಿ. ಹಾಡು ಮುಗಿದ ಮೇಲೆ ತಮ್ಮ ಹೆಸರನ್ನು ತಾವೇ ಜೋರಾಗಿ ಹೇಳುತ್ತಿದ್ದರು. ಅಷ್ಟು ದೊಡ್ಡ ಹೆಸರಿನ ಆಕೆ ಕೊನೆಗೆ ಬಂದದ್ದು ನಮ್ಮ ನಾಡಿಗೆ. ಮೈಸೂರು ಅರಮನೆಯ ಗಾಯಕಿಯಾಗಿದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಭೀಮಸೇನ ಜೋಶಿಯವರದ್ದು ಯಾವುದು ಇಟ್ಟುಕೊಳ್ಳಬೇಕು? ಖಯಾಲ್, ಅಂದರೆ ಒಂದು ರಾಗವನ್ನು ಬಿಡಿಸಿ ಹಾಡುವ ಹಿಂದೂಸ್ತಾನಿ ಗಾಯನ, ಅದರ ಪ್ಲೇಟುಗಳು ಬೇಕಾದಷ್ಟಿವೆ, ಎಲ್ಲವೂ ಚೆಂದ. ನಾನು ತಂದಿರುವುದು ದಾಸರ ಪದಗಳದ್ದು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಶುಕ್ರವಾರ ಬೆಳಗ್ಗೆ ಎಷ್ಟು ಮನೆಗಳಲ್ಲಿ ಕೇಳುತ್ತದೆ ಅಂತ ನಿಮಗೇ ಗೊತ್ತು. ಆದರೆ ನಾನು ಪ್ಲೇಯರಿನ ಮುಳ್ಳು ಇಡುವುದು ‘ಕೈಲಾಸವಾಸ ಗೌರೀಶ ಈಶ’ ಮೇಲೆ. ಇದು ವಿಜಯದಾಸರದ್ದು. ವಿಜಯದಾಸರು ರಾಯಚೂರು ಸೀಮೆಯ ಚೀಕಲಪರ್ವಿಯವರು. ಗೋಪಾಲದಾಸರು, ಜಗನ್ನಾಥದಾಸರು ಎಲ್ಲರೂ ಅದೇ ಸೀಮೆಯವರು. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದ ಮಾತು ಕುಂದಗೋಳದ ಗಂಟಲಿಗೆ ಹೋಗಿ, ಪುಣೆಯಲ್ಲಿ ಮನೆ ಮಾಡಿದವರ ಬಾಯಿಂದ ನಮ್ಮ ಮನೆಗೆ ತಿರುಗಿ ಬಂದಿದೆ. ಹರಿದಾಸರು ಶಿವನನ್ನು ಹಾಡಿದ್ದು ಅನ್ನೋದನ್ನೂ ಗಮನಿಸಿ.

ಈಗ ಮಲ್ಲಿಕಾರ್ಜುನ ಮನ್ಸೂರರ ಪ್ಲೇಟು. ಇದಕ್ಕೆ ಸ್ವಲ್ಪ ಹೊತ್ತು ಬೇಕು.

ಮನ್ಸೂರರು ಧಾರವಾಡದ ಹತ್ತಿರದ ಮನಸೂರಿನವರು, 1910ರ ಕೊನೆಯ ದಿನ ಹುಟ್ಟಿದವರು. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಹತ್ತಿರ ಕಲಿತರು. ಬೇರೆಯವರು ಅಪರೂಪಕ್ಕೂ ಮುಟ್ಟದ ರಾಗಗಳು ಅವರಿಗೆ ದಿನದ ಊಟದ ಹಾಗೆ. ಬಹಾದುರಿ ತೋಡಿ, ಶಿವಮತ ಭೈರವ, ಶುದ್ಧ ನಟ, ಏಕ ನಿಷಾದ ಬಿಹಾಗಡಾ. ಸಂಗೀತ ಬಲ್ಲವರು ಮೊದಲು ಇವನ್ನೇ ಕೊಳ್ಳಿ ಅನ್ನುತ್ತಾರೆ. ಕೊಳ್ಳಿ. ಆದರೆ ನಾನು ತಂದಿರುವುದು ವಚನಗಳದ್ದು.

ರಿಕಾರ್ಡ್ ಪ್ಲೇಯರನ್ನು ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ಕೊಂಡು, ವಾಡಿ ದಾರಿಯ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಮನೆಯಲ್ಲಿ ಮೊದಲು ಹಾಕಿದ್ದು ‘ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ’. ಅವ್ವ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದಳು. ಆಕೆಗೆ ಓದು ಬರಹ ಇಲ್ಲ, ಖಯಾಲ್ ಅಂದರೆ ಏನಂತಲೂ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಮೊರದ ಸದ್ದು ನಿಂತಿತು. ‘ಈ ಮುತ್ಯಾ ಯಾರಿಗಿ ಕನಸ ಹೇಳ್ಲತ್ತಾನ?’ ಅಂತ ಕೇಳಿದಳು. ಅಕ್ಕಗ ಅವ್ವಾ ಅಂದೆ. ‘ಅದಕ್ಕೇ ಅಷ್ಟ ಮೆತ್ತಗ ಕರೀಲತ್ತಾನ’ ಅಂದಳು.

ಅಲ್ಲಿಯವರೆಗೆ ನಾನು ಆ ಹಾಡನ್ನು ಹತ್ತಾರು ಸಲ ಕೇಳಿದ್ದೆ. ಅವರು ಅಕ್ಕ ಅನ್ನೋ ಎರಡು ಅಕ್ಷರವನ್ನು ಹೇಗೆ ಕರೆಯುತ್ತಾರೆ ಅನ್ನೋದನ್ನು ಗಮನಿಸಿರಲಿಲ್ಲ. ಮತ್ತೆ ಕೇಳಿ ನೋಡಿ. ಒಮ್ಮೆ ಬಾಗಿಲಲ್ಲಿ ನಿಂತು ಕರೆದ ಹಾಗಿರುತ್ತದೆ, ಒಮ್ಮೆ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ ಹಾಗಿರುತ್ತದೆ. ಆ ಕನಸಿನಲ್ಲಿ ಬರುವುದೆಲ್ಲ ಮನೆಯ ಸಾಮಾನು. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಆಮೇಲೆ ಮನೆಗೆ ಭಿಕ್ಷಕ್ಕೆ ಬಂದ ಗೊರವ. ಇಷ್ಟು ಸಣ್ಣ ಸಾಮಾನಿನ ಮೇಲೆ ಅಷ್ಟು ದೊಡ್ಡ ಗಾಯಕ ತನ್ನ ಪಾಂಡಿತ್ಯವನ್ನು ಹೇರುವುದಿಲ್ಲ. ವೇಗದ ಸ್ವರಗಳ ತಾನ್ ಬರುತ್ತದೆ, ಆದರೆ ಮಾತು ಕೇಳಿಸದ ಹಾಗೆ ಮಾಡುವುದಿಲ್ಲ. ವಚನ ಹಾಡುವವರು ಈಗ ಎಷ್ಟೋ ಜನ ಇದ್ದಾರೆ. ಕೀಬೋರ್ಡು, ರಿದಂ ಪ್ಯಾಡು ಎಲ್ಲ ಸೇರಿಸಿ ಹಾಡುತ್ತಾರೆ. ಅವರಿಗೆ ನನ್ನ ಒಂದೇ ವಿನಂತಿ, ಇದನ್ನು ಒಮ್ಮೆ ಕತ್ತಲೆಯಲ್ಲಿ ಕೂತು ಕೇಳಿ.

ಆ ಮೊದಲ ಪ್ಲೇಟು ಈಗ ನನ್ನ ಹತ್ತಿರ ಇಲ್ಲ. ನಮ್ಮ ಊರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ, ಮೇ ತಿಂಗಳಲ್ಲಿ 42, 43 ಡಿಗ್ರಿ. ಒಂದು ಮಧ್ಯಾಹ್ನ ಕಿಟಕಿಯ ಕಟ್ಟೆ ಮೇಲೆ ಬಿಟ್ಟು ಹೊರಗೆ ಹೋದೆ. ಸಂಜೆ ಬಂದು ನೋಡಿದರೆ ಹಪ್ಪಳದ ಹಾಗೆ ಅಂಚು ಎದ್ದಿತ್ತು. ಮುಳ್ಳು ಇಟ್ಟರೆ ದನಿ ಮೇಲೆ ಕೆಳಗೆ ತೇಲುತ್ತದೆ. ಎರಡು ವರ್ಷ ಹುಡುಕಿ ಇನ್ನೊಂದು ಪ್ರತಿ ತಂದೆ. ಅದಕ್ಕೇ ಹೇಳುತ್ತೇನೆ, ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಪಡುವಣ ಗೋಡೆಗೆ ಕಪಾಟು ಬೇಡ. ಸಂಜೆತನಕ ಬಿಸಿಲು ಕುಡಿದ ಗೋಡೆ ರಾತ್ರಿ ಹತ್ತಕ್ಕೂ ಬಿಸಿ ಇರುತ್ತದೆ.

ಗಂಗೂಬಾಯಿ ಹಾನಗಲ್ಲರದ್ದು ಎರಡು ಕಾಲದ ದನಿ ಒಟ್ಟಿಗೆ ಸಿಗುವಂಥದ್ದು ಸಿಕ್ಕರೆ ಬಿಡಬೇಡಿ. ಮೊದಮೊದಲಿನ ಪ್ಲೇಟುಗಳಲ್ಲಿ ಅವರ ಹೆಸರು ಗಾಂಧಾರಿ ಅಂತ ಇದೆ, ದನಿ ತೆಳ್ಳಗೆ ಇದೆ. ಗಂಟಲಿನ ಆಪರೇಷನ್ ಆದ ಮೇಲೆ ಅದು ಗಂಡು ದನಿಯಷ್ಟು ದಪ್ಪವಾಯಿತು. ಆ ದನಿಯನ್ನೇ ಇಟ್ಟುಕೊಂಡು ಅವರು ಬೆಳೆದರು. ಆಮೇಲಿನ ಎಲ್‌ಪಿಗಳಲ್ಲಿ ಹಿಂದೆ ಮಗಳು ಕೃಷ್ಣಾ ದನಿ ಕೇಳುತ್ತದೆ. ತಾಯಿ ಬಿಟ್ಟಲ್ಲಿ ಮಗಳು ಹಿಡಿಯುವ ಆ ಜಾಗವನ್ನು ಗಮನಿಸಿ.

ಭಾವಗೀತೆ ಬೇಡವಾ ಅಂತ ಅಕ್ಕನವರು ಆಗಲೇ ಕೇಳಿದರು. ಬೇಕು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಕವಿತೆಗೆ ಮನೆಮನೆಯಲ್ಲಿ ಟೇಪ್ ರಿಕಾರ್ಡರ್ ಹಚ್ಚಿಸಿದ್ದು ಅದು. ನನ್ನ ಹತ್ತಿರವೂ ಇದೆ. ಅದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಇಲ್ಲೇ ಇದ್ದಾರೆ, ಇನ್ನೊಂದು ದಿನ ಅವರಿಂದ ಕೇಳೋಣ.

ಈಗ ಕನ್ನಡದ್ದಲ್ಲದ, ಮಾತೇ ಇಲ್ಲದ ಒಂದು ಪ್ಲೇಟು. ‘ಕಾಲ್ ಆಫ್ ದಿ ವ್ಯಾಲಿ’, 1967ರದ್ದು. ಸಂತೂರಿನಲ್ಲಿ ಶಿವಕುಮಾರ ಶರ್ಮಾ, ಕೊಳಲಿನಲ್ಲಿ ಹರಿಪ್ರಸಾದ ಚೌರಾಸಿಯಾ, ಗಿಟಾರಿನಲ್ಲಿ ಬ್ರಿಜ್‌ಭೂಷಣ ಕಾಬ್ರಾ, ತಬಲಾದಲ್ಲಿ ಮಾಣಿಕರಾವ್ ಪೋಪಟ್ಕರ್. ಶರ್ಮಾ, ಚೌರಾಸಿಯಾ ಇಬ್ಬರೂ ಆಗ ಮೂವತ್ತರೊಳಗಿನ ಹುಡುಗರು. ಕಾಶ್ಮೀರದ ಒಬ್ಬ ಕುರುಬನ ಒಂದು ದಿನವನ್ನು ಇದು ಹೇಳುತ್ತದೆ. ಬೆಳಗಿಗೆ ಅಹೀರ ಭೈರವ ರಾಗ, ಅದರ ಬೆನ್ನಿಗೆ ನಟ ಭೈರವ. ಆಮೇಲೆ ಪೀಲೂ. ಪ್ಲೇಟು ತಿರುವಿ ಹಾಕಿದರೆ ಭೂಪ, ದೇಸ್, ಕೊನೆಗೆ ಪಹಾಡಿ.

ಇದನ್ನು ಯಾಕೆ ತಂದೆ ಅಂದರೆ, ನನ್ನ ಮೊಮ್ಮಗಳ ಜೊತೆ ಕೂತು ಕೇಳಿದ್ದು ಇದು. ಆಕೆ ಫೋನಿನಲ್ಲಿ ಇದೇ ಸಂಗೀತ ಕೇಳಿದ್ದಳು, ಪಹಾಡಿ ಮಾತ್ರ. ಪರೀಕ್ಷೆಗೆ ಓದುವಾಗ ಸುಮ್ನೆ ಹಾಕಿಕೊಳ್ಳುತ್ತಿದ್ದಳಂತೆ. ಒಂದು ಭಾನುವಾರ ನಾನು ಪ್ಲೇಟು ಹಾಕಿ, ಎದ್ದು ಹೋಗಬಾರದು ಅಂತ ಹೇಳಿ ಕೂಡಿಸಿದೆ. ಅಹೀರ ಭೈರವದ ಶುರುವಿನಲ್ಲಿ ಸಂತೂರು ಒಂದೊಂದೇ ಹನಿ ಬೀಳಿಸುತ್ತದೆ. ಆಕೆ ಎರಡು ಸಲ ಫೋನ್ ನೋಡಿದಳು. ನಾನು ಏನೂ ಅನ್ನಲಿಲ್ಲ. ಕಾಲು ಗಂಟೆ ಆಗುವಷ್ಟರಲ್ಲಿ ಫೋನ್ ಮಗುಚಿ ಇಟ್ಟಳು. ಪ್ಲೇಟು ತಿರುವಿ ಹಾಕುವ ಕೆಲಸ ಆಕೆಗೇ ಕೊಟ್ಟೆ. ಕೊನೆಗೆ ಪಹಾಡಿ ಬಂದಾಗ, ‘ಅಜ್ಜಾ, ಇದು ರಾತ್ರಿಯ ಹಾಡಾ? ನಾ ದಿನಾ ಮುಂಜಾನೆ ಕೇಳ್ತಿದ್ದೆ’ ಅಂದಳು. ಮುಂಜಾನೆ ಕೇಳಿದರೆ ತಪ್ಪೇನೂ ಇಲ್ಲ. ಆದರೆ ಆ ರಾತ್ರಿಯ ಹಿಂದೆ ಒಂದು ಇಡೀ ದಿನ ಇದೆ ಅನ್ನೋದು ಆಕೆಗೆ ಅವತ್ತು ಗೊತ್ತಾಯಿತು. ಆಲ್ಬಂ ಮಾಡಿದವರು ಹಾಡುಗಳನ್ನು ಸಾಲಾಗಿ ಇಟ್ಟದ್ದು ಸುಮ್ನೆ ಅಲ್ಲ. ಒಮ್ಮೆಯಾದರೂ ಅದೇ ಸಾಲಿನಲ್ಲಿ ಕೇಳಿ.

ಬಂದಾ ನವಾಜರ ಊರಿನಲ್ಲಿ ಕೂತು ಕವ್ವಾಲಿ ಬಿಟ್ಟರೆ ಹೇಗೆ? ದರ್ಗಾದ ಉರುಸಿನಲ್ಲಿ ಕೇಳಿ ಬೆಳೆದವರು ನಾವು. 1422ರಲ್ಲಿ ತೀರಿಕೊಂಡ ಆ ಸೂಫಿಯ ಚಿಶ್ತಿ ಪಂಥದಲ್ಲಿ ಹಾಡು ಕೇಳುವುದೇ ಒಂದು ಸಾಧನೆ. ನನ್ನ ಆಯ್ಕೆ ಹೈದರಾಬಾದಿನ ಅಜೀಜ್ ಅಹಮದ್ ಖಾನ್ ವಾರಸಿ. 1971ರಲ್ಲಿ ಪದ್ಮಶ್ರೀ ಬಂದವರು. ಅವರ ಪಾರಸಿ ಪದಗಳಲ್ಲಿ ನನಗೆ ಅರ್ಥವಾಗುವುದು ನಾಲ್ಕಾಣೆಯಷ್ಟು. ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನು ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ಬಿಡಿಸಿ ಹೇಳಿದವರು ನನ್ನ ಹಳೆಯ ಸಹೋದ್ಯೋಗಿ, ದರ್ಗಾದ ಹತ್ತಿರವೇ ಅವರ ಮನೆ. ಒಂದು ಮಾತು ನೆನಪಿಡಿ. ಕವ್ವಾಲಿ ಕೊಳ್ಳುವಾಗ ಸ್ಟುಡಿಯೋದ್ದಕ್ಕಿಂತ ಮೆಹಫಿಲಿನದ್ದು ಹುಡುಕಿ. ಕೇಳುವವರು ತಲೆದೂಗಿದ ಸಾಲನ್ನು ಕವ್ವಾಲರು ಮತ್ತೆ ಮತ್ತೆ ಹಿಡಿಯುತ್ತಾರೆ. ಎದುರಿಗೆ ಜನ ಇಲ್ಲದಿದ್ದರೆ ಆ ಸಾಲು ಯಾವುದು ಅಂತ ಅವರಿಗೆ ಹೇಗೆ ತಿಳಿಯಬೇಕು?

ಚೀಲದಲ್ಲಿ ಇನ್ನೂ ಎರಡಿವೆ. ಒಂದು ಕುಮಾರ ಗಂಧರ್ವರ ನಿರ್ಗುಣ ಭಜನೆಗಳು, ರೂಪವಿಲ್ಲದ ದೇವರನ್ನು ಹಾಡುವಂಥವು. ಹುಟ್ಟು ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ, ಬೆಳಗಾವಿ ಸೀಮೆಯ ಸುಳೇಭಾವಿಯವರು. ಕ್ಷಯ ಬಂದು, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡಬಾರದು ಅಂತ ಮಲಗಿಸಿದ್ದರು. ಒಂದು ಶ್ವಾಸಕೋಶ ಹೋಯಿತು. ಮಲಗಿದಲ್ಲೇ ಬೀದಿಯ ಹಾಡು ಕೇಳಿದರು. ಮಾಳವದ ಹೆಂಗಸರ ಹಾಡು, ನಾಥಪಂಥದ ಜೋಗಿಗಳು ಹಾಡುವ ಕಬೀರ. ಎದ್ದ ಮೇಲೆ ‘ಉಡ ಜಾಯೇಗಾ ಹಂಸ ಅಕೇಲಾ’ ಹಾಡಿದರು. ಉಸಿರು ಸಣ್ಣದು, ಅದಕ್ಕೇ ಸಾಲುಗಳು ತುಂಡು ತುಂಡು. ನಡುವೆ ತಂಬೂರಿ ಮಾತ್ರ ಉಳಿಯುತ್ತದೆ.

ಇದನ್ನು ನನ್ನ ಸೋದರಮಾವನಿಗೆ ಕೇಳಿಸಿದೆ. ಅವರು ಒಕ್ಕಲುತನದವರು, ಅಮಾಸಿ ಅಮಾಸಿಗೆ ಮಠದಲ್ಲಿ ತತ್ವಪದ ಹಾಡುವವರು. ಕೊನೆತನಕ ಕೇಳಿ, ‘ಇದು ನಮ್ಮದೇ ಅದಲ್ಲೋ ಅಳಿಯಾ. ಮಾತ ಬ್ಯಾರೆ ಅದ ಅಷ್ಟೇ’ ಅಂದರು. ಹಿಂದಿಯ ಒಂದು ಪದ ಅವರಿಗೆ ಬರುತ್ತಿರಲಿಲ್ಲ.

ಅಲ್ಲಿಂದ ನನಗೆ ಒಂದು ಕೊರಗು ಶುರುವಾಯಿತು. ಕಬೀರನ ಪದ ಸಿಗುತ್ತದೆ, ತುಕಾರಾಮನ ಅಭಂಗ ಸಿಗುತ್ತದೆ, ಶರೀಫರ ಹಾಡು ಎಲ್ಲ ಕಡೆ ಸಿಗುತ್ತದೆ. ವಚನಕ್ಕೆ ನಮ್ಮ ಭಾಗದವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ದನಿ ಇದೆ. ರಾಯಚೂರಿನಲ್ಲಿ ಅವರ ಹೆಸರಿನ ರಂಗಮಂದಿರವೇ ಇದೆ. ಅವರ ವಚನಗಳೂ ನಿಮ್ಮ ಮನೆಯಲ್ಲಿ ಇರಲಿ. ಆದರೆ ಕಡಕೋಳ ಮಡಿವಾಳಪ್ಪನವರ ತತ್ವಪದ? ಕಡಕೋಳ ಇಲ್ಲೇ, ನಮ್ಮ ಜಿಲ್ಲೆಯಲ್ಲೇ ಇದೆ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಅವರ ಶಿಷ್ಯರು. ಲಿಂಗಾಯತ, ಮುಸಲ್ಮಾನ, ಬ್ರಾಹ್ಮಣ ಅನ್ನದೆ ಒಂದೇ ಗುರುವಿನ ಹಿಂದೆ ಹಾಡಿಕೊಂಡು ಹೋದವರ ಪದಗಳು ಇವು. ಅಮಾಸಿ ರಾತ್ರಿ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ಪೇಟಿ ಹಿಡಿದು ಬೆಳಗಿನತನಕ ಹಾಡುವವರು ಹಳ್ಳಿಹಳ್ಳಿಯಲ್ಲಿ ಇದ್ದರು, ಈಗಲೂ ಇದ್ದಾರೆ. ಅಂಗಡಿಗೆ ಹೋಗಿ ಅವರ ದನಿ ಕೊಡಿ ಅಂದರೆ ನನಗೆ ಸಿಗಲಿಲ್ಲ. ನಾವೇ ಮಾಡಿಕೊಳ್ಳಬೇಕಿತ್ತು.

ಮಾಡಿಕೊಂಡೆ. ಮಾವನ ಊರಿಗೆ ಟೇಪ್ ರಿಕಾರ್ಡರ್ ತೆಗೆದುಕೊಂಡು ಹೋಗಿ, ಒಂದು ಅಮಾಸಿ ರಾತ್ರಿ ಅರವತ್ತು ನಿಮಿಷದ ಕ್ಯಾಸೆಟ್ ಪೂರ್ತಿ ತುಂಬಿಸಿಕೊಂಡು ಬಂದೆ. ಕಡೆಗೆ ಮೂವತ್ತು ನಿಮಿಷ. ಆಮೇಲೆ ಮಾಡಬೇಕಾದ ಒಂದು ಕೆಲಸ ಮಾಡಲಿಲ್ಲ.

ಇಲ್ಲಿ ನೋಡಿ, ಹತ್ತಿರ ಬನ್ನಿ. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ ಕಡಲೆಬೇಳೆಯಷ್ಟು ಎರಡು ಪ್ಲಾಸ್ಟಿಕ್ ಚಕ್ಕೆ ಇವೆ. ಒಂದು ಎ ಕಡೆಗೆ, ಒಂದು ಬಿ ಕಡೆಗೆ. ಇವನ್ನು ಮುರಿದುಬಿಟ್ಟರೆ ಯಾವ ಮೆಷಿನ್ನಿನಲ್ಲೂ ರಿಕಾರ್ಡ್ ಗುಂಡಿ ಕೆಳಗೆ ಹೋಗುವುದಿಲ್ಲ. ಮತ್ತೆ ಬರೆಯಬೇಕು ಅಂದರೆ ಆ ಗುಳಿಗೆ ಟೇಪು ಅಂಟಿಸಬೇಕು. ಹಾಡು ತುಂಬಿಸಿ ಮಾರುವ ಕಂಪನಿಯ ಕ್ಯಾಸೆಟ್ಟುಗಳಲ್ಲಿ ಈ ಚಕ್ಕೆ ಇರುವುದೇ ಇಲ್ಲ. ನಾನು ಮುರಿಯಲಿಲ್ಲ. ಮೇಲೆ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿದ್ದೆ, ಅದು ಅಳಿಸಿಹೋಗಿತ್ತು.

ಆಗ ಹಾಡಿನ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟರೆ ತುಂಬಿಸಿ ಕೊಡುವ ಅಂಗಡಿಗಳಿದ್ದವು, ನೆನಪಿದೆಯಲ್ವಾ? ನಾನು ಊರಲ್ಲಿಲ್ಲದಾಗ ತಮ್ಮ ಕಪಾಟಿನಿಂದ ಇದನ್ನೇ ತೆಗೆದು ಪಟ್ಟಿಯ ಜೊತೆ ಕೊಟ್ಟುಬಂದಿದ್ದ. ಖಾಲಿ ಅಂತಲೇ ತಿಳಿದಿದ್ದ. ಅಂಗಡಿಯವರು ಹಾಕಿ ನೋಡದೆ ಎ ಕಡೆಗೆ ಸಿನಿಮಾ ಹಾಡು ಬರೆದರು. ಮಾವ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಕ್ಯಾಸೆಟ್ ಮನೆಗೆ ಬಂದ ದಿನ ನಾನೂ ತಮ್ಮನೂ ರಾತ್ರಿ ಊಟ ಮಾಡಲಿಲ್ಲ.

ಬಿ ಕಡೆ ಉಳಿಯಿತು. ಅದನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ, ಅಜ್ಜಿಯ ಬೀಸುವ ಹಾಡೋ, ಡೊಳ್ಳಿನ ಪದವೋ, ಮೊಹರಮ್ಮಿನ ರಿವಾಯತ್ ಪದವೋ, ದಯವಿಟ್ಟು ಇಷ್ಟು ಮಾಡಿ. ಮೊದಲು ಆ ಚಕ್ಕೆ ಮುರಿಯಿರಿ. ವರ್ಷಗಟ್ಟಲೆ ಬಿಚ್ಚದ ಟೇಪು ಒಂದಕ್ಕೊಂದು ಅಂಟಿರುತ್ತದೆ, ಪೆನ್ಸಿಲ್ ಹಾಕಿ ಕೈಯಿಂದ ನಾಲ್ಕು ಸುತ್ತು ಸಡಿಲ ಮಾಡಿ, ಆಮೇಲೆ ಮೆಷಿನ್ನಿಗೆ ಹಾಕಿ. ಮೆಷಿನ್ನಿನಲ್ಲಿ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ. ಕಂಪ್ಯೂಟರಿಗೆ ವೈರ್ ಹಾಕಿಯೇ ಇಳಿಸಿ, ಫೋನನ್ನು ಸ್ಪೀಕರಿನ ಮುಂದೆ ಹಿಡಿದು ಬೇಡ. ದನಿ ಕುಗ್ಗಿಸದ ವೇವ್ ಫೈಲಾಗಿ ಇಡಿ, ಎಂಪಿ3 ಆಮೇಲೆ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಎರಡು ಪ್ರತಿ ಮಾಡಿ, ಬೇರೆ ಬೇರೆ ಮನೆಯಲ್ಲಿ ಇಡಿ. ಹಾಡಿದವರ ಹೆಸರು, ಊರು, ತಿಂಗಳು, ಜೊತೆಗೆ ಪೇಟಿ ಹಿಡಿದವರ ಹೆಸರು, ಎಲ್ಲ ಬರೆದಿಡಿ. ಇನ್ನು ಹಾಡುವವರು ಬದುಕಿದ್ದರೆ ಈ ಅಮಾಸಿಗೇ ಹೋಗಿ. ನಿಮ್ಮ ಕೈಯಲ್ಲಿರುವ ಫೋನು ನನ್ನ ಆ ಟೇಪ್ ರಿಕಾರ್ಡರಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಚೀಲದಲ್ಲಿ ಉಳಿದ ಕೊನೆಯದು ಆ ಕ್ಯಾಸೆಟ್ಟೇ. ಬಿ ಕಡೆಯನ್ನು ಕೇಳಬೇಕು ಅನ್ನುವವರಿಗೆ ಕೊಡುತ್ತೇನೆ, ಇವತ್ತು ಹಾಕುವುದು ಎ ಕಡೆ. ಅಂಗಡಿಯವರು ಬರೆದ ಹಾಡುಗಳು ಇಪ್ಪತ್ತೆಂಟೂವರೆ ನಿಮಿಷಕ್ಕೆ ಮುಗಿದಿವೆ. ಇನ್ನೊಂದು ಹಾಡಿಗೆ ಜಾಗ ಸಾಲಲಿಲ್ಲ, ಅಲ್ಲಿಗೇ ನಿಲ್ಲಿಸಿದ್ದಾರೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅವ್ವ ತೀರಿಕೊಂಡ ವರ್ಷ. ಸಿನಿಮಾ ಹಾಡು ಮುಗಿದರೂ ಟೇಪು ನಿಲ್ಲಿಸುವುದನ್ನು ಮರೆತು ಕೂತಿದ್ದೆ.

ಈಗ ಆ ಹಾಡಿನ ಕೊನೆಯ ಸಾಲು ಬರುತ್ತದೆ. ಆಮೇಲೆ ಟಕ್ ಅಂತ ಒಂದು ಸದ್ದು. ಅದಾದ ಮೇಲೆ ಏಕತಾರಿ, ಪದದ ನಡುವಿನಿಂದಲೇ ಶುರುವಾಗುತ್ತದೆ. ಮೇಳದವರು ಎತ್ತಿಕೊಳ್ಳುತ್ತಾರೆ, ತಾಳ ನಿಲ್ಲುತ್ತದೆ. ಮಾವ ಕೆಮ್ಮಿ, ‘ಅಳಿಯಾ, ಅದರಾಗ ಇನ್ನ ಜಾಗಾ ಅದ ಏನೋ?’ ಅಂತ ಕೇಳುತ್ತಾರೆ. ಅಲ್ಲಿಗೆ ಟೇಪು ಮುಗಿಯುತ್ತದೆ. ಆ ಫ್ಯಾನ್ ಸ್ವಲ್ಪ ಆರಿಸಿ, ಹಾಕುತ್ತೇನೆ.